ಮೂರಡಿ ಆಚೆ ಕಾಣುವ ಮೃಗ ಯಾರದು?

ನಮಸ್ಕಾರ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಮೃಗಗಳ ಕೈಪಿಡಿ ಮಾನ್‌ಸ್ಟರ್ ಮ್ಯಾನ್ಯುಯಲ್ 1977ರಲ್ಲಿ ಹೊರಬಂತು. ಅದರ ಪುಟಗಳಲ್ಲಿ ನಮ್ಮ ಕಡೆಯವನೊಬ್ಬ ಇದ್ದಾನೆ, ರಾಕ್ಷಸ. ಹೆಸರೂ ಅದೇ. ಆದರೆ ಚಿತ್ರದಲ್ಲಿರುವುದು ಹುಲಿಯ ತಲೆ, ಸಿರಿವಂತರ ಉಡುಪು, ಹೊಗೆಯಾಡುವ ಪೈಪು. ಯಕ್ಷಗಾನದ ಬಣ್ಣದ ವೇಷ ನೋಡುತ್ತಾ ಬೆಳೆದವರಿಗೆ ಇವನ ಗುರುತೇ ಹತ್ತುವುದಿಲ್ಲ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣವೊಂದು ತಗುಲಿದರೆ ಇವನ ಕಥೆ ಮುಗಿಯಿತು. ಈ ನಿಯಮವನ್ನು ರಾಮಾಯಣದಲ್ಲಿ ಹುಡುಕಬೇಡಿ. 1974ರ ಡಿಸೆಂಬರ್‌ನಲ್ಲಿ ಅಮೆರಿಕದ ಟಿವಿಯಲ್ಲಿ ಪ್ರಸಾರವಾದ ಕೊಲ್‌ಚಾಕ್ ಎಂಬ ಭಯಾನಕ ಧಾರಾವಾಹಿಯ ಒಂದು ಕಂತಿನಲ್ಲಿ ಅದು ಸಿಗುತ್ತದೆ. ಅಲ್ಲಿಯೂ ರಾಕ್ಷಸ ನಾವು ನಂಬಿದವರ ರೂಪ ತಾಳಿ ಹತ್ತಿರ ಬರುತ್ತಾನೆ. ಅಲ್ಲಿಯೂ ಅವನನ್ನು ಕೊಲ್ಲುವುದು ಮಂತ್ರಿಸಿದ ಬಾಣವೇ. ಒಂದು ವರ್ಷ ಕಳೆಯುವಷ್ಟರಲ್ಲಿ, ಆ ಕೈಪಿಡಿ ಬರುವ ಮೊದಲೇ, ಅವನು ಆಟದೊಳಗೆ ಸೇರಿಕೊಂಡಿದ್ದ.

ಈ ಆಟದ ಭೂತಪ್ರೇತಗಳೆಲ್ಲ ಪುರಾಣ, ಜಾನಪದಗಳಿಂದ ಬಂದವು ಎಂದು ಬಹಳ ಜನ ನಂಬಿದ್ದಾರೆ. ಹಲವು ಬಂದದ್ದು ಅಲ್ಲಿಂದಲ್ಲ. ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಪಲ್ಪ್ ಪತ್ರಿಕೆಗಳಿಂದ, ಕಾಮಿಕ್ಸ್‌ನಿಂದ, ಅಂಗಡಿಯ ಆಟಿಕೆಗಳಿಂದ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನ್ನ ತಕರಾರು ಬೇರೆಯೇ ಇದೆ.

ಟ್ರೋಲ್‌ನನ್ನೇ ತೆಗೆದುಕೊಳ್ಳಿ. ನಾರ್ವೆಯ ಜನಪದ ಕಥೆಗಳಲ್ಲಿ ಟ್ರೋಲ್ ಬಿಸಿಲು ತಾಗಿದರೆ ಕಲ್ಲಾಗುತ್ತಾನೆ. ಆಟದ ಟ್ರೋಲ್ ಹಾಗಲ್ಲ. ಹಸಿರು ಮೈ, ಸಣಕಲು ದೇಹ, ಉದ್ದ ಮೂಗು. ಕತ್ತರಿಸಿದರೆ ತುಂಡು ತುಂಡಾಗಿಯೇ ಬದುಕುತ್ತಾನೆ, ಮತ್ತೆ ಕೂಡಿಕೊಳ್ಳುತ್ತಾನೆ, ಬೆಂಕಿ ಇಲ್ಲವೇ ಆಮ್ಲವೇ ಅವನಿಗೆ ಮದ್ದು. ಇವನನ್ನು ಕಟ್ಟಿದವರು ಪೌಲ್ ಆಂಡರ್ಸನ್. 1953ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಅವರ ‘ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್’ ಕಥೆಯಲ್ಲಿ, ಕಡಿದು ಬಿದ್ದ ಟ್ರೋಲ್‌ನ ಕೈ ತಾನಾಗಿಯೇ ನೆಲದ ಮೇಲೆ ತೆವಳುತ್ತದೆ. ಆ ಪುಟ ಓದುವಾಗ ಮೈ ಜುಮ್ಮೆನ್ನುತ್ತದೆ. ಇಂದು ಲಕ್ಷಾಂತರ ಆಟಗಾರರಿಗೆ ಟ್ರೋಲ್ ಎಂದರೆ ಆಂಡರ್ಸನ್‌ನ ಟ್ರೋಲ್; ಆದರೆ ಆ ಹೆಸರು ಎಷ್ಟು ಜನರಿಗೆ ಗೊತ್ತು?

ಕಾಮಿಕ್ಸ್‌ನ ಋಣವೂ ಸಣ್ಣದಲ್ಲ. ಲಿಚ್ ಎಂಬ ಸತ್ತೂ ಸಾಯದ ಮಾಂತ್ರಿಕ ಗಾರ್ಡ್ನರ್ ಫಾಕ್ಸ್ ಅವರ ಕೊಥಾರ್ ಎಂಬ ಯೋಧನ ಕಾದಂಬರಿಗಳಿಂದ ಬಂದವನು. ಇದೇ ಫಾಕ್ಸ್ ಕಾಮಿಕ್ಸ್ ಲೋಕಕ್ಕೆ ಮೊದಲ ಫ್ಲ್ಯಾಶ್‌ನನ್ನೂ ಹಾಕ್‌ಮ್ಯಾನ್‌ನನ್ನೂ ಕೊಟ್ಟ ಲೇಖಕರಲ್ಲಿ ಒಬ್ಬರು. 1974ರಲ್ಲಿ ಆಟ ಮೊದಲು ಮಾರಾಟಕ್ಕೆ ಬಂದ ಪೆಟ್ಟಿಗೆಯ ಮುಖಪುಟದಲ್ಲಿ ಕುದುರೆ ಕೆರಳಿಸಿ ನಿಂತ ಯೋಧನಂತೂ ಮಾರ್ವೆಲ್‌ನ ‘ಸ್ಟ್ರೇಂಜ್ ಟೇಲ್ಸ್’ 167ನೇ ಸಂಚಿಕೆಯ ಚೌಕಟ್ಟೊಂದರ ನಕಲು. ಇನ್ನು ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್, ಗೂಬೆಯೂ ಕರಡಿಯೂ ಆದ ಔಲ್‌ಬೇರ್, ಇವು ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳು. ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಆ ವಿಚಿತ್ರ ಗೊಂಬೆಗಳನ್ನು ಆಟದ ಮೇಜಿನ ಮೇಲಿಟ್ಟು ಅವುಗಳಿಗೆ ಸ್ವಭಾವ ಕೊಟ್ಟರು. ಇದು ನಿಜವಾದ ಕಲ್ಪನಾಶಕ್ತಿ, ಒಪ್ಪುತ್ತೇನೆ.

ಈಗ ಮುಖ್ಯ ವಿಷಯ, ಡಿಸ್‌ಪ್ಲೇಸರ್ ಬೀಸ್ಟ್. ಆರು ಕಾಲಿನ ಕರಿ ಚಿರತೆಯಂಥ ಮೃಗ, ಹೆಗಲಿನಿಂದ ಹೊರಟ ಎರಡು ಉದ್ದ ಬಳ್ಳಿತೋಳುಗಳು. ಅದು ಇರುವ ಜಾಗ ಒಂದು, ಕಣ್ಣಿಗೆ ಕಾಣುವ ಜಾಗ ಮೂರಡಿ ಆಚೆ. ಈ ಕಣ್ಕಟ್ಟು ಆಟದವರ ಸೇರ್ಪಡೆ, ಸೊಗಸಾದ ಸೇರ್ಪಡೆ. ಮೃಗ ಮಾತ್ರ ವಿಜ್ಞಾನ ಕಥೆಗಾರ ಎ. ಇ. ವ್ಯಾನ್ ವೋಗ್ಟ್ ಅವರದು. 1939ರ ಜುಲೈ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಂದ ‘ಬ್ಲ್ಯಾಕ್ ಡೆಸ್ಟ್ರಾಯರ್’ ಕಥೆಯಲ್ಲಿ ಕೋರ್ಲ್ ಎಂಬ ಬೆಕ್ಕಿನಂಥ ಜೀವಿ, ಹೆಗಲಲ್ಲಿ ಇಂಥವೇ ಬಳ್ಳಿತೋಳುಗಳನ್ನು ಹೊತ್ತು, ಪಾಳುಬಿದ್ದ ಗ್ರಹವೊಂದರಲ್ಲಿ ಹಸಿದು ಅಲೆಯುತ್ತದೆ. ಅದಕ್ಕೆ ಬುದ್ಧಿಯಿದೆ, ಹೊಂಚು ಗೊತ್ತಿದೆ. ತಾನು ಬರೀ ಪ್ರಾಣಿ ಎಂದು ಮನುಷ್ಯರನ್ನು ನಂಬಿಸಿ ಅವರ ಗಗನನೌಕೆ ಹತ್ತುತ್ತದೆ. ಕಥೆ ಶುರುವಾಗುವುದೇ ಅದರ ಕಣ್ಣಿನಿಂದ, ಅದರ ಹಸಿವಿನಿಂದ. ಇಂಥ ಮೃಗವನ್ನು ಕಲ್ಪಿಸುವುದು ಸುಲಭದ ಕೆಲಸವಲ್ಲ.

ಆಟ ನಡೆಸುವವರಿಗಾಗಿ ಬಂದ ಕೈಪಿಡಿ, 1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಕೊನೆಯಲ್ಲಿ ಗೈಗ್ಯಾಕ್ಸ್ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿ ಕೊಟ್ಟರು. ಆಂಡರ್ಸನ್ ಇದ್ದಾರೆ, ಫಾಕ್ಸ್ ಇದ್ದಾರೆ. ದೊಡ್ಡತನದ ಕೆಲಸ ಅದು. ವ್ಯಾನ್ ವೋಗ್ಟ್ ಮಾತ್ರ ಇಲ್ಲ. 2000ದಲ್ಲಿ, ಆಟವನ್ನು ಪ್ರಕಟಿಸುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಆಟದ ನಿಯಮಗಳನ್ನು ಮುಕ್ತ ಪರವಾನಗಿಯಡಿ ಹಂಚಿತು. ಆಗ ಯಾರೂ ಮುಟ್ಟಬಾರದೆಂದು ಕೆಲವು ಪ್ರಾಣಿಗಳನ್ನು ತನ್ನದೇ ಗುರುತು ಎಂದು ಪಕ್ಕಕ್ಕಿಟ್ಟಿತು. ಆ ಪಟ್ಟಿಯಲ್ಲಿ ಬಿಹೋಲ್ಡರ್ ಇದೆ, ಮೈಂಡ್ ಫ್ಲೇಯರ್ ಇದೆ, ಜೊತೆಗೆ ಡಿಸ್‌ಪ್ಲೇಸರ್ ಬೀಸ್ಟ್ ಕೂಡ ಇದೆ!

ಇದು ನನಗೆ ಸಹಿಸಲಾಗದ ಸಂಗತಿ. ಟೋಲ್ಕಿನ್ ಕೃತಿಗಳ ಹಕ್ಕುದಾರರು ಆಕ್ಷೇಪಿಸಿದಾಗ ಆಟದ ಹಾಬಿಟ್ ಹಾಫ್ಲಿಂಗ್ ಆಯಿತು, ಎಂಟ್ ಟ್ರೀಯಂಟ್ ಆಯಿತು, ಬಾಲ್ರಾಗ್‌ಗೂ ಹೊಸ ಹೆಸರು ಬಂತು. ವಕೀಲರಿದ್ದವರ ಮಾತು ನಡೆಯಿತು. ಪಲ್ಪ್ ಪತ್ರಿಕೆಗೆ ಬರೆದವರಿಗೆ ಪದಕ್ಕಿಷ್ಟು ಎಂದು ಸಂಭಾವನೆ ಸಿಗುತ್ತಿತ್ತು; ಹೆಸರು ಪತ್ರಿಕೆಯ ಜೊತೆಗೇ ರದ್ದಿಗೆ ಹೋಯಿತು. ಎರವಲು ತಂದದ್ದಕ್ಕೆ ನನ್ನ ವಿರೋಧವಿಲ್ಲ. ಎಲ್ಲ ಕಥೆಗಾರರೂ ತರುತ್ತಾರೆ, ತರಬೇಕು. ಆದರೆ ಎರವಲು ತಂದ ಮೇಲೆ ಬೇಲಿ ಹಾಕಿ ಇದು ನನ್ನ ಸ್ವತ್ತು ಎಂದರೆ ಅದು ಅನ್ಯಾಯ. ಮುಂದಿನ ಮುದ್ರಣದಲ್ಲಿ ಆ ಮೃಗದ ಚಿತ್ರದ ಕೆಳಗೆ ಒಂದು ಸಾಲು ಹಾಕಲಿ: ಮೂಲ ಕಲ್ಪನೆ, ಎ. ಇ. ವ್ಯಾನ್ ವೋಗ್ಟ್, 1939. ಟ್ರೋಲ್‌ನ ಕೆಳಗೆ ಆಂಡರ್ಸನ್ ಹೆಸರೂ ಬರಲಿ. ಕಂಪನಿ ಹಾಕುವವರೆಗೆ ನಿಮ್ಮಲ್ಲಿ ಆಟ ನಡೆಸುವವರು, ಆ ಮೃಗ ಕತ್ತಲಿಂದ ಹೊರಬರುವ ಮುನ್ನ, ಆ ಹೆಸರನ್ನು ಮೇಜಿನ ಸುತ್ತ ಕೂತವರಿಗೆ ಹೇಳಿ.