ಕಾಯಿಲೆಯ ಹೆಸರು ಬೇಡ, ದಿನ ಹೇಗಿದೆ ಹೇಳಿ

ಕೇಳುಗರಿಗೆ ನಮಸ್ಕಾರ.

ನಾನು ಥೆರಪಿಸ್ಟ್ ಅಲ್ಲ, ಡಾಕ್ಟರೂ ಅಲ್ಲ. ಮನಸ್ಸಿನ ಕಷ್ಟಕ್ಕೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಥೆರಪಿ ಕೇಂದ್ರಕ್ಕೆ ನೀವು ಮೊದಲ ಸಲ ಫೋನ್ ಮಾಡಿದಾಗ ಎತ್ತುವವಳು. ಇದಕ್ಕೆ ಇನ್‌ಟೇಕ್ ಕೋಆರ್ಡಿನೇಟರ್ ಅಂತ ದೊಡ್ಡ ಹೆಸರಿದೆ. ಕೆಲಸ ಇಷ್ಟೇ: ನಿಮ್ಮ ಕಷ್ಟ ಕೇಳಿಸಿಕೊಂಡು, ಯಾರ ಹತ್ತಿರ, ಎಷ್ಟು ಬೇಗ ಕಳಿಸಬೇಕು ಅಂತ ನೋಡುವುದು.

ನಂಬರ್ ಬರೆದಿಟ್ಟುಕೊಂಡು, ಫೋನ್ ಮಾಡದೇ ಕೂತವರು ಈಗ ಕೇಳುತ್ತಿರಬಹುದು. ನಿಮಗೆ ನನ್ನದು ಒಂದೇ ಮಾತು. ಕಾಯಿಲೆಯ ಹೆಸರು ಹೇಳಬೇಡಿ. ದಿನ ಹೇಗೆ ಹೋಗುತ್ತಿದೆ ಹೇಳಿ.

ಒಬ್ಬರು ಫೋನ್ ಮಾಡಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಂಟರ್ನೆಟ್ಟಿನಲ್ಲಿ ಚೆನ್ನಾಗಿ ಓದಿಕೊಂಡಿದ್ದರು. "ನನಗೆ ಮೂರು ಡಿಸಾರ್ಡರ್ ಇದೆ, ಬರ್ಕೊಳ್ಳಿ" ಅಂದರು. ಬರೆದುಕೊಂಡೆ. "ನಿದ್ದೆ ಹೇಗಿದೆ ಸರ್?" ಅಂದೆ. "ಅದು ಇನ್ಸೋಮ್ನಿಯಾ, ನಾಲ್ಕನೇದು" ಅಂದರು! "ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ?" ಅಂದಾಗ ಅವರಿಗೆ ಕೋಪ ಬಂತು. "ಇದನ್ನೆಲ್ಲ ಡಾಕ್ಟರ್ ಕೇಳಬೇಕು, ನೀವ್ಯಾಕೆ?" ಅಂತ ಫೋನ್ ಇಟ್ಟರು.

ಮಾರನೇ ದಿನ ಮತ್ತೆ ಮಾಡಿದರು. ಅದೇ ಪಟ್ಟಿ. ನಾನೂ ಹಟಮಾರಿಯೇ, ಬಿಡಲಿಲ್ಲ. "ಸರ್, ಪಟ್ಟಿ ಪಕ್ಕಕ್ಕಿಡಿ. ನಿನ್ನೆ ಸಂಜೆ ಕೆಲಸ ಮುಗಿದ ಮೇಲೆ ಏನು ಮಾಡಿದಿರಿ, ಅದನ್ನು ಹೇಳಿ" ಅಂದೆ.

ಸುಮಾರು ಹೊತ್ತು ಮಾತೇ ಇಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಹೇಳಿದರು: "ಸ್ಕೂಟರ್ ಮೇಲೆ ಕೂತಿದ್ದೆ. ಮನೆ ಎದುರಿಗೇ. ದಿನಾ ಒಂದೂವರೆ ಗಂಟೆ ಹಾಗೇ ಕೂತಿರ್ತೀನಿ." ಹೆಲ್ಮೆಟ್ ಕೂಡ ತೆಗೆಯುವುದಿಲ್ಲವಂತೆ. "ತೆಗೆದರೆ ಒಳಗೆ ಹೋಗಬೇಕಲ್ಲ ಮೇಡಂ."

ನೋಡಿ, ಆ ಮೂರು ಡಿಸಾರ್ಡರ್‌ಗಳಿಂದ ನನಗೆ ಏನೂ ತಿಳಿದಿರಲಿಲ್ಲ. ಹೆಲ್ಮೆಟ್ಟಿನಿಂದ ತಿಳಿಯಿತು. ಎಷ್ಟು ದಿನದಿಂದ ಹೀಗೆ, ಮನೆಯಲ್ಲಿ ಯಾರಿದ್ದಾರೆ, ಹೆದರಿಕೆಯಾ, ಸುಸ್ತಾ, ಎಲ್ಲವನ್ನೂ ಅಲ್ಲಿಂದಲೇ ಕೇಳುತ್ತಾ ಹೋದೆ. ಕುಟುಂಬದ ಜೊತೆ ಕೆಲಸ ಮಾಡುವ ಥೆರಪಿಸ್ಟ್ ಹತ್ತಿರ ಅದೇ ವಾರ ಸಮಯ ಕೊಟ್ಟೆ. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು ಅನ್ನುವುದಷ್ಟೇ ಗೊತ್ತು.

ಈ ಕಥೆ ಹೇಳುತ್ತಾ ಸಮಯ ಜಾಸ್ತಿಯೇ ತಗೊಂಡೆ. ಉಳಿದದ್ದು ಬೇಗ ಹೇಳುತ್ತೇನೆ.

ಎಷ್ಟೋ ಕಡೆ ಮೊದಲೇ ಒಂದು ಫಾರಂ ಕೊಡುತ್ತಾರೆ. ಪಿಎಚ್‌ಕ್ಯೂ-9 ಅಂತ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಖಿನ್ನತೆ ಎಷ್ಟಿದೆ ಅಂತ ಅಳೆಯುವ ಫಾರಂ ಅದು. ಆದರೂ 'ನಿಮಗೆ ಖಿನ್ನತೆಯ ಕಾಯಿಲೆ ಇದೆಯಾ' ಅಂತ ಅದರಲ್ಲಿ ಎಲ್ಲೂ ಕೇಳುವುದಿಲ್ಲ. ಮನಸ್ಸು ಎಷ್ಟು ಕುಗ್ಗಿದೆ, ನಿದ್ದೆ, ಹಸಿವು, ಸುಸ್ತು, ಗಮನ, ಇಂಥವನ್ನು ಕೇಳುತ್ತದೆ. ನಾನು ಹೇಳುತ್ತಿರುವುದೂ ಅದೇ ಅಲ್ವಾ!

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದನ್ನು ನಾನು ಬಾಯಿಬಿಟ್ಟೇ ಕೇಳುತ್ತೇನೆ. ಕೇಳಿದ ಮಾತ್ರಕ್ಕೆ ಆ ಯೋಚನೆ ಯಾರ ತಲೆಗೂ ಹೊಸದಾಗಿ ಬರುವುದಿಲ್ಲ. ಹೌದಾದರೆ ಹೌದು ಅನ್ನಿ. ಇವತ್ತೇ ಅನ್ನುವಷ್ಟು ಕಷ್ಟವಾಗಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯುವ ಮಾತೇ ಇಲ್ಲ. ಯಾರನ್ನಾದರೂ ಜೊತೆಗೆ ಕರೆದುಕೊಂಡು ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇನ್ನು ಅಪ್ಪ ಅಮ್ಮಂದಿರು. ಬೆಳೆದ ಮಗನಿಗೆ ಹೇಳದೇ, ಎಲ್ಲಿಗೋ ಅಂತ ಸುಳ್ಳು ಹೇಳಿ ಕರೆತರಬೇಡಿ. ದಯವಿಟ್ಟು. ಬಾಗಿಲಲ್ಲೇ ಜಗಳ ಶುರುವಾಗುತ್ತದೆ, ಬಿಡಿಸಲು ನಾನೇ ಹೋಗಬೇಕು.

ಫೀಸಿನ ಬಗ್ಗೆಯೂ ಹೇಳಬೇಕೆಂದಿದ್ದೆ. ಸಮಯ ಆಯಿತು ಅಂತ ಸ್ಟುಡಿಯೋದ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಅದನ್ನು ಫೋನಿನಲ್ಲೇ ಕೇಳಿ, ಸಂಕೋಚ ಬೇಡ. ತಗೊಳ್ಳುತ್ತಿರುವ ಮಾತ್ರೆಯ ಹಾಳೆ ಕೈಯಲ್ಲಿರಲಿ. ಮಾತು ಬರದಿದ್ದರೆ ನಿನ್ನೆಯ ದಿನವನ್ನು ಚೀಟಿಯಲ್ಲಿ ಬರೆದುಕೊಂಡು ಓದಿ, ಸಾಕು. ನಮಸ್ಕಾರ.