ಬಟನ್ ನೋಡಿ ಟೈರ್ ತಗೋಬೇಡಿ: ಟ್ರ್ಯಾಕ್ಟರ್ ಟ್ರೈಲರ್‌ಗೆ ಎಂಥಾ ಟೈರ್ ಹಾಕಬೇಕು?

[ದೃಶ್ಯ: ಮನೆ ಹಿಂದಿನ ಕಣ. ಖಾಲಿ ಟ್ರೈಲರ್. ಅದಕ್ಕೆ ಒರಗಿಸಿಟ್ಟ ಒಂದು ಹಳೆ ಟೈರ್.]

ನಮಸ್ಕಾರ. ಮೊದಲು ಈ ಟೈರ್ ನೋಡಿ. ಬಟನ್, ಅಂದರೆ ನೆಲಕ್ಕೆ ತಾಗುವ ಮೇಲಿನ ರಬ್ಬರ್ ಉಬ್ಬು, ಅದರ ಸಂದಿಯಲ್ಲಿ ಬೆರಳಿಟ್ಟರೆ ಉಗುರು ಪೂರ್ತಿ ಮುಳುಗುತ್ತದೆ. ಯಾರಿಗೆ ತೋರಿಸಿದರೂ "ಇನ್ನೂ ಹೊಸದು ಐತಲ್ಲ" ಅನ್ನುತ್ತಾರೆ. ಈಗ ತಿರುಗಿಸುತ್ತೇನೆ.

[ದೃಶ್ಯ: ಟೈರಿನ ಇನ್ನೊಂದು ಬದಿ, ಹತ್ತಿರದಿಂದ.]

ಮೊಳದುದ್ದ ಹರಿದು ಬಾಯಿ ಬಿಟ್ಟಿದೆ. ಒಳಗಿನ ನೈಲಾನ್ ದಾರ ಎಳೆ ಎಳೆಯಾಗಿ ಹೊರಗೆ ಬಂದಿದೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಭರಮಸಾಗರ ಕಡೆಯಿಂದ ದಾವಣಗೆರೆ ಮಾರ್ಕೆಟ್‌ಗೆ ಮೆಕ್ಕೆಜೋಳ ಹಾಕಿಕೊಂಡು ಹೊರಟಿದ್ದೆವು. ಟ್ರ್ಯಾಕ್ಟರ್ ಮೇಲೆ ನಮ್ಮಣ್ಣ, ಹಿಂದೆ ಬೈಕಿನಲ್ಲಿ ನಾನು. ಆನಗೋಡು ದಾಟಿದ್ದೆವು ಅಷ್ಟೇ. ಢಂ ಅಂತ ಸದ್ದಾಯಿತು. ಟ್ರೈಲರ್ ಎಡಕ್ಕೆ ವಾಲಿತು. ಹಗ್ಗ ಕಿತ್ತು ಹತ್ತು ಹನ್ನೆರಡು ಚೀಲ ಹೈವೇ ಮೇಲೆ ಬಿದ್ದವು, ರಸ್ತೆ ಎಲ್ಲಾ ಹಳದಿ. ಹಿಂದೆ ಬರುತ್ತಿದ್ದ ಬಸ್ಸಿನವರು ಬ್ರೇಕ್ ಹಿಡಿದ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆವತ್ತು ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಬಟನ್ ಇಷ್ಟು ಇದ್ದರೂ ಯಾಕೆ ಒಡೆಯಿತು? ಇಲ್ಲಿ ನೋಡಿ.

[ದೃಶ್ಯ: ಒದ್ದೆ ಬಟ್ಟೆಯಿಂದ ಟೈರಿನ ಬದಿ ಒರೆಸುವುದು. ನಾಲ್ಕು ಅಂಕಿ ಕಾಣುತ್ತದೆ: 2314.]

ಮಣ್ಣು ಒರೆಸಿದರೆ ನಾಲ್ಕು ಅಂಕಿ ಸಿಗುತ್ತದೆ. 2314. ಮೊದಲ ಎರಡು ಅಂಕಿ ವಾರ, ಆಮೇಲಿನ ಎರಡು ವರ್ಷ. ಅಂದರೆ ಇದು 2014ರ 23ನೇ ವಾರ, ಜೂನ್ ತಿಂಗಳಲ್ಲಿ ತಯಾರಾದ ಟೈರ್. ಒಡೆದಾಗ ಅದಕ್ಕೆ ಹತ್ತು ವರ್ಷ ದಾಟಿತ್ತು. ನಾವು ಅದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದೆವು. ಅಂಗಡಿಯಲ್ಲಿ ಬಟನ್ ನೋಡಿದೆವು, ರೇಟು ಕೇಳಿದೆವು, ಹಾಕಿಸಿಕೊಂಡು ಬಂದೆವು. ಈ ಅಂಕಿ ಕಡೆ ಕಣ್ಣೇ ಹಾಯಿಸಲಿಲ್ಲ.

ಲಾರಿ ಟೈರ್ ದಿನಾ ಓಡಿ ಸವೆಯುತ್ತದೆ. ನಮ್ಮ ಟ್ರೈಲರ್ ಹಾಗಲ್ಲ. ಸುಗ್ಗಿಯಲ್ಲಿ ಒಂದಷ್ಟು ಟ್ರಿಪ್, ಗೊಬ್ಬರ ಹೊಡೆಯುವಾಗ ಒಂದಷ್ಟು. ಉಳಿದ ದಿನ ಬಿಸಿಲಲ್ಲೇ ನಿಂತಿರುತ್ತದೆ, ಅದೂ ನಮ್ಮ ಚಿತ್ರದುರ್ಗದ ಬಿಸಿಲು. ರಬ್ಬರ್ ಬಿರಿಯದಂತೆ ಅದರೊಳಗೆ ಒಂದು ಥರದ ಮೇಣ ಸೇರಿಸಿರುತ್ತಾರೆ. ಚಕ್ರ ಉರುಳಿ ರಬ್ಬರ್ ಮಡಿಸುತ್ತಾ ಇದ್ದರೆ ಆ ಮೇಣ ಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತೇ ಇದ್ದರೆ ಬರುವುದಿಲ್ಲ. ಹಾಗಾಗಿ ಟ್ರೈಲರ್ ಟೈರ್ ಸವೆದು ಹೋಗುವುದು ಕಡಿಮೆ. ವಯಸ್ಸಾಗಿ, ಭಾರ ತಡೆಯದೆ ಹೋಗುವುದೇ ಜಾಸ್ತಿ. ಹೊಸದು ತಗೊಳ್ಳುವಾಗ ಮೊದಲು ನೋಡಬೇಕಾದ್ದು ಈ ಎರಡನ್ನೇ.

ವಯಸ್ಸಿನದು ಸುಲಭ. ಹೊಸ ಟೈರ್ ಅಂತ ಕೊಟ್ಟರೂ ಆ ನಾಲ್ಕು ಅಂಕಿ ಓದಿ. ಅಂಗಡಿಯಲ್ಲೇ ಮೂರು ವರ್ಷ ಕೂತಿದ್ದ ಟೈರಿಗೆ ಹೊಸ ಟೈರಿನ ದುಡ್ಡು ಯಾಕೆ ಕೊಡಬೇಕು, ಅಲ್ವಾ? ಕೆಲವು ಟೈರಿಗೆ ಈ ಅಂಕಿ ಒಂದೇ ಬದಿಗೆ ಇರುತ್ತದೆ. ಕಾಣದಿದ್ದರೆ ತಿರುಗಿಸಿ ತೋರಿಸಲು ಹೇಳಿ. ಫಿಟ್ ಮಾಡಿಸುವಾಗ ಆ ಬದಿಯನ್ನು ಹೊರಗೆ ಹಾಕಿಸಿ, ಮುಂದೆ ನಿಮಗೇ ಅನುಕೂಲ. ಆರು ವರ್ಷ ದಾಟಿದ್ದನ್ನು ನಾನು ಲೋಡಿಗೆ ನಂಬುವುದಿಲ್ಲ. ಹತ್ತು ದಾಟಿದ್ದರೆ ಬಟನ್ ಎಷ್ಟೇ ಇರಲಿ, ತೆಗೆದುಬಿಡಿ.

ಈಗ ಭಾರದ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

[ದೃಶ್ಯ: ಟ್ರೈಲರ್ ಹಲಗೆ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆಯುವುದು.]

100 ಚೀಲ ಮೆಕ್ಕೆಜೋಳ, ಚೀಲಕ್ಕೆ 60 ಕೆ.ಜಿ. ಅಂತ ಹಿಡಿಯೋಣ. 6000 ಕೆ.ಜಿ. ಆಯಿತು. ಖಾಲಿ ಟ್ರೈಲರ್ 1500 ಕೆ.ಜಿ. ಅಂತ ಇಟ್ಟುಕೊಳ್ಳಿ. ನಿಮ್ಮದು ಎಷ್ಟು ಅಂತ ವೇಬ್ರಿಡ್ಜ್‌ನಲ್ಲಿ ಒಂದು ಸಲ ಖಾಲಿ ತೂಕ ಹಾಕಿಸಿ ಚೀಟಿ ಇಟ್ಟುಕೊಳ್ಳಿ. ಒಟ್ಟು 7500. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ 1875 ಕೆ.ಜಿ. ಎರಡು ಚಕ್ರದ ಟ್ರೈಲರ್ ಆದರೆ ಸ್ವಲ್ಪ ಭಾರ ಟ್ರ್ಯಾಕ್ಟರ್ ಮೇಲೆ ಬೀಳುತ್ತದೆ, ಉಳಿದದ್ದೆಲ್ಲಾ ಆ ಎರಡೇ ಟೈರ್ ಹೊರಬೇಕು.

ಟೈರಿನ ಬದಿಯಲ್ಲಿ ಲೋಡ್ ಇಂಡೆಕ್ಸ್ ಅಂತ ಒಂದು ನಂಬರ್ ಇರುತ್ತದೆ. ಅದು ಕೆ.ಜಿ. ಅಲ್ಲ, ಕೆ.ಜಿ.ಯನ್ನು ಸೂಚಿಸುವ ನಂಬರ್. 121 ಅಂದರೆ 1450 ಕೆ.ಜಿ. 130 ಅಂದರೆ 1900. 135 ಅಂದರೆ 2180. ಕೆಲವದರಲ್ಲಿ ಕೆ.ಜಿ.ಯನ್ನೇ ನೇರವಾಗಿ ಬರೆದಿರುತ್ತಾರೆ. ನಮ್ಮ 1875ಕ್ಕೆ 121ರ ಟೈರ್ ಹಾಕಿದರೆ ಒಂದೊಂದು ಟೈರಿನ ಮೇಲೂ 425 ಕೆ.ಜಿ. ಹೆಚ್ಚಿಗೆ ಹೇರಿದಂತೆ. 130 ಹಾಕಿದರೆ ಉಳಿಯುವುದು 25 ಕೆ.ಜಿ. ಮಾತ್ರ. ರಸ್ತೆ ಒಂದು ಕಡೆ ಇಳಿಜಾರಿದ್ದರೆ, ಚೀಲ ಒಂದು ಬದಿಗೆ ಜಾಸ್ತಿ ಬಿದ್ದಿದ್ದರೆ, ಆ 25 ಕೆ.ಜಿ. ಎಲ್ಲಿ ಸಾಕಾಗುತ್ತದೆ? ನಾನಾಗಿದ್ದರೆ 135ಕ್ಕೆ ಹೋಗುತ್ತೇನೆ. ಅದು ಸಿಗದಿದ್ದರೆ ಹತ್ತು ಹದಿನೈದು ಚೀಲ ಕಡಿಮೆ ಹಾಕಿ ಇನ್ನೊಂದು ಟ್ರಿಪ್ ಹೊಡೆಯುತ್ತೇನೆ.

ಆ ನಂಬರಿನ ಪಕ್ಕದಲ್ಲೇ ಒಂದು ಅಕ್ಷರ ಇರುತ್ತದೆ, ಅದು ವೇಗಕ್ಕೆ. ಎ6 ಅಂದರೆ ಗಂಟೆಗೆ 30 ಕಿ.ಮೀ., ಎ8 ಅಂದರೆ 40. ಆ ಭಾರವನ್ನು ಆ ವೇಗದವರೆಗೆ ಮಾತ್ರ ಹೊರುತ್ತೇನೆ ಅಂತ ಟೈರೇ ಬರೆದುಕೊಟ್ಟ ಹಾಗೆ. ಹೈವೇ ಖಾಲಿ ಇದೆ ಅಂತ ನಮ್ಮ ಹುಡುಗರು ಲೋಡ್ ಟ್ರೈಲರ್ ಎಳೆದುಕೊಂಡು 50, 55ರಲ್ಲಿ ಹೋಗುತ್ತಾರೆ. ಬೇಸಿಗೆ ಭತ್ತದ ಕಟಾವಿನಲ್ಲಿ ಡಾಂಬರು ಕಾದಿರುತ್ತದೆ, ಒಳಗೆ ಟೈರೂ ಕಾಯುತ್ತಿರುತ್ತದೆ. ದಯವಿಟ್ಟು ಬೇಡ.

9.00-16, 16 ಪಿಆರ್ ಅಂತ ಕೇಳಿರುತ್ತೀರಿ. 9 ಇಂಚು ಟೈರಿನ ಅಗಲ, 16 ಇಂಚು ರಿಮ್. ಪಿಆರ್ ಅಂದರೆ ಪ್ಲೈ ರೇಟಿಂಗ್, ಟೈರ್ ಎಷ್ಟು ಗಟ್ಟಿ ಅನ್ನುವ ಅಳತೆ. ಒಳಗೆ 16 ಪದರ ಇದೆ ಅಂತ ಅಲ್ಲ. ಹಿಂದೆ ಹತ್ತಿ ದಾರದ ಪದರ ಹಾಕುತ್ತಿದ್ದ ಕಾಲದ ಲೆಕ್ಕ ಅದು. ಈಗ ನೈಲಾನ್‌ನಲ್ಲಿ ಕಡಿಮೆ ಪದರಕ್ಕೇ ಅಷ್ಟು ಗಟ್ಟಿ ಬರುತ್ತದೆ. ಸೈಜ್ ಒಂದೇ ಇದ್ದು ಪಿಆರ್ ಕಡಿಮೆ ಇರುವ ಟೈರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಹೊರುವ ಭಾರವೂ ಕಡಿಮೆ, ಮೋಸ ಹೋಗುವುದು ಅಲ್ಲೇ. ಇನ್ನು ಬಟನ್ ಡಿಸೈನ್. ಟ್ರೈಲರ್ ಚಕ್ರ ಎಳೆಯುವುದಿಲ್ಲ, ಸುಮ್ನೆ ಉರುಳುತ್ತದೆ. ಉದ್ದ ಗೆರೆಯದ್ದೇ ಸಾಕು.

[ದೃಶ್ಯ: ಎರಡು ಸೆಕೆಂಡ್ ಹ್ಯಾಂಡ್ ಟೈರ್, ಪಕ್ಕಪಕ್ಕ.]

ಸೆಕೆಂಡ್ ಹ್ಯಾಂಡ್ ಬಿಟ್ಟರೆ ಬೇರೆ ದಾರಿ ಇಲ್ಲದವರು ಇದ್ದೀರಿ, ನನಗೆ ಗೊತ್ತು. ಒಂದು ಬೆಳೆಗೆ ರೇಟು ಬಿದ್ದರೆ ಹೊಸ ಟೈರ್ ಎಲ್ಲಿಂದ ತರೋದು? ತರುವುದಾದರೆ ಎರಡು ಕೆಲಸ ಮಾಡಿ. ಕಪ್ಪು ಪಾಲಿಶ್ ಹೊಡೆದು ಮಿರಮಿರ ಮಾಡಿದ್ದರೆ ಅದನ್ನು ಒರೆಸಿ, ರಿಮ್ ಕೂರುವ ಅಂಚಿನ ಹತ್ತಿರ ಬಗ್ಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಅಲ್ಲೇ ಮೊದಲು ಕಾಣುವುದು. ಆಮೇಲೆ ಗೆರೆಯ ತಳ ನೋಡಿ. ಸವೆದ ಟೈರಿಗೆ ಕಾಯಿಸಿದ ಕತ್ತಿಯಿಂದ ಹೊಸದಾಗಿ ಗೆರೆ ಕೊರೆದಿರುತ್ತಾರೆ. ತಳದಲ್ಲಿ ದಾರ ಇಣುಕುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಳೇ ಟೈರಿಗೆ ಹೊಸ ರಬ್ಬರ್ ಹಾಕಿದ ರೀಟ್ರೆಡ್ ಆದರೆ, ಬದಿಯಲ್ಲಿರುವ ಅಂಕಿ ಒಳಗಿನ ಹಳೇ ಟೈರಿನದು. ಅದನ್ನೇ ಲೆಕ್ಕ ಹಿಡಿಯಿರಿ.

ಟೈರ್ ಬದಲಿಸಿದರೆ ಟ್ಯೂಬ್, ಟ್ಯೂಬಿಗೂ ರಿಮ್ಮಿಗೂ ನಡುವೆ ಹಾಕುವ ರಬ್ಬರ್ ಪಟ್ಟಿ ಫ್ಲ್ಯಾಪ್ ಕೂಡ ಬದಲಿಸಿ. ಹಳೇ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸವೆದು ಒಡೆಯುತ್ತದೆ. ರಿಮ್ಮಿನ ತುಕ್ಕು ತಂತಿ ಬ್ರಷ್‌ನಿಂದ ಉಜ್ಜಿಸಿ. ಒಂದೇ ಆಕ್ಸೆಲ್ಲಿಗೆ ಒಂದು ಕಡೆ ನೈಲಾನ್ (ಒಳಗಿನ ದಾರ ಓರೆಯಾಗಿರುವುದು), ಇನ್ನೊಂದು ಕಡೆ ರೇಡಿಯಲ್ (ದಾರ ಅಡ್ಡಕ್ಕೆ ನೇರವಾಗಿರುವುದು) ಹಾಕಬೇಡಿ, ಜೋಡಿಯಾಗೇ ಹಾಕಿ. 20 ಇಂಚಿನ ಲಾರಿ ರಿಮ್ ಇದ್ದವರು ಗಾಳಿ ತುಂಬಿಸುವಾಗ ಎದುರಿಗೆ ನಿಲ್ಲಬೇಡಿ, ಮಕ್ಕಳನ್ನೂ ಬಿಡಬೇಡಿ. ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಕಬ್ಬಿಣದ ಬಳೆ, ಲಾಕ್ ರಿಂಗ್, ಸರಿಯಾಗಿ ಕೂರದಿದ್ದರೆ ಹಾರಿ ಬರುತ್ತದೆ, ಜೀವವನ್ನೇ ತೆಗೆಯುತ್ತದೆ. ಮೊದಲ ಲೋಡ್ ಇಳಿಸಿ ಬಂದ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಿ. ಬಿಲ್ ಕೇಳಿ ತಗೊಳ್ಳಿ. ಟೈರಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ, ವಾರಂಟಿಗೆ ಬೇಕಾಗುತ್ತದೆ.

ಗಾಳಿ ವಿಷಯ. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿ "ಐತೆ ಬಿಡು" ಅನ್ನುವುದು ನಮ್ಮ ಕಡೆ ರೂಢಿ. ನಮ್ಮಪ್ಪನೂ ಹಾಗೇ ನೋಡುತ್ತಿದ್ದರು. ಟೈರ್ ಪೂರ್ತಿ ಕೂತಿದ್ದರೆ ಅದರಲ್ಲಿ ಗೊತ್ತಾಗುತ್ತದೆ, ಕಾಲು ಭಾಗ ಕಡಿಮೆ ಇದ್ದರೆ ಗೊತ್ತಾಗುವುದಿಲ್ಲ. ಆ ಕಾಲು ಭಾಗ ಕಡಿಮೆ ಇದ್ದಾಗಲೇ ಟೈರಿನ ಬದಿ ಜಾಸ್ತಿ ಮಡಿಸಿ, ಕಾದು, ಒಳಗಿನ ದಾರ ಬಿಡುತ್ತದೆ. ಗಾಳಿ ಅಳೆಯುವ ಒಂದು ಗೇಜ್ ಇಟ್ಟುಕೊಳ್ಳಿ. ಬೆಳಿಗ್ಗೆ, ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ಓಡಿ ಬಂದ ಮೇಲೆ ಗಾಳಿ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ.

[ದೃಶ್ಯ: ಟ್ರೈಲರ್ ಹೊಸ ಟೈರ್‌ಗಳು. ಪಕ್ಕದಲ್ಲಿ ಮಡಿಸಿಟ್ಟ ಗೋಣಿ ಚೀಲ, ಕಲ್ಲುಗಳು.]

ನಾವು ಈ ಸಲ ನಾಲ್ಕೂ ಹೊಸದು ಹಾಕಿಸಿದೆವು. ಸುಗ್ಗಿ ಮುಗಿದ ಮೇಲೆ ಆಕ್ಸೆಲ್ ಕೆಳಗೆ ಈ ಕಲ್ಲು ಕೊಟ್ಟು ಚಕ್ರ ಎತ್ತಿಡುತ್ತೇವೆ, ಗೋಣಿ ಚೀಲ ಹೊದಿಸುತ್ತೇವೆ. ಡೀಸೆಲ್, ಆಯಿಲ್ ಸೋಕದ ಜಾಗ ನೋಡಿಕೊಂಡಿದ್ದೇವೆ.

ಅಣ್ಣ ಗೇಜ್ ಹಿಡಿದು ಕೂತಿದ್ದಾನೆ. ಎಡಗಡೆ ಹಿಂದಿನದು ಸ್ವಲ್ಪ ಕಡಿಮೆ ತೋರಿಸುತ್ತಿದೆಯಂತೆ. ಗಾಳಿ ಹಿಡಿಸಿಕೊಂಡು ಬಂದು ಆಮೇಲೆ ಚೀಲ ಹೇರುತ್ತೇವೆ.