ಹವಾನಾ ಮತ್ತು ಹನೋಯ್: ಒಂದು ಹಳೆಯ ಗೆಳೆತನ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಕ್ಯೂಬಾ ಮತ್ತು ವಿಯೆಟ್ನಾಂ ನಡುವಿನ ಸ್ನೇಹದ ಬಗ್ಗೆ ಮಾತಾಡುತ್ತೇನೆ. ಎರಡೂ ಕಡೆ ಕಮ್ಯುನಿಸ್ಟ್ ಪಕ್ಷದ ಆಡಳಿತ. ದೊಡ್ಡ ಶಕ್ತಿಗಳ ಮುಂದೆ ಎರಡೂ ಚಿಕ್ಕ ದೇಶಗಳೇ. ಒಂದು ಭೂಮಿಯ ಈ ಬದಿಗಿದ್ದರೆ ಇನ್ನೊಂದು ಆ ಬದಿಗೆ. ವಿಯೆಟ್ನಾಮಿನ ರಾಜಧಾನಿ ಹನೋಯ್‌ನಲ್ಲಿ ಬೆಳಗಾಗುವ ಹೊತ್ತಿಗೆ ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಇನ್ನೂ ಹಿಂದಿನ ದಿನದ ಸಂಜೆ.

ಕಮ್ಯುನಿಸ್ಟ್ ದೇಶಗಳೆಲ್ಲ ತಮ್ಮತಮ್ಮಲ್ಲಿ ಗೆಳೆಯರೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. 1969ರಲ್ಲಿ ಸೋವಿಯತ್ ಒಕ್ಕೂಟ ಮತ್ತು ಚೀನಾದ ಸೈನಿಕರು ಉಸ್ಸೂರಿ ನದಿಯ ದಂಡೆಯಲ್ಲಿ ಗುಂಡು ಹಾರಿಸಿಕೊಂಡರು. ಪುಟ್ಟ ಅಲ್ಬೇನಿಯಾ ಮೊದಲು ಯುಗೊಸ್ಲಾವಿಯಾ ಜೊತೆ, ಆಮೇಲೆ ಸೋವಿಯತ್ ಒಕ್ಕೂಟದ ಜೊತೆ, ಕೊನೆಗೆ ಚೀನಾ ಜೊತೆಗೂ ಮಾತು ಬಿಟ್ಟಿತು. ಒಂದೇ ಬಣ್ಣದ ಬಾವುಟ ಹಿಡಿದ ಮಾತ್ರಕ್ಕೆ ಸ್ನೇಹ ಉಳಿಯಲ್ಲ. ಕ್ಯೂಬಾ ಮತ್ತು ವಿಯೆಟ್ನಾಂ ಸ್ನೇಹ ಮಾತ್ರ ಆರು ದಶಕ ದಾಟಿಯೂ ಉಳಿದಿದೆ. ಯಾಕೆ ಉಳಿಯಿತು ಅನ್ನೋದು ನನಗೆ ಮುಖ್ಯ ಅನಿಸುವ ಪ್ರಶ್ನೆ.

ಮೊದಲ ನಂಟು ಒಬ್ಬ ಬರಹಗಾರನಿಂದ ಆಯಿತು. ಕ್ಯೂಬಾದ ಜನ ತಮ್ಮ ಸ್ವಾತಂತ್ರ್ಯದ ಗುರು ಅಂತ ಕರೆಯುವ ಹೊಸೆ ಮಾರ್ತಿ 1889ರಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳ ಪತ್ರಿಕೆ ನಡೆಸುತ್ತಿದ್ದರು. ಅದರಲ್ಲಿ ಅವರು ಅನ್ನಾಂ ಜನರ ಬಗ್ಗೆ, ಅಂದರೆ ಇವತ್ತಿನ ವಿಯೆಟ್ನಾಮಿನವರ ಬಗ್ಗೆ ತುಂಬ ಪ್ರೀತಿಯಿಂದ ಬರೆದರು. ಆಗ ಕ್ಯೂಬಾ ಸ್ಪೇನಿನ ಕೈಯಲ್ಲಿತ್ತು, ವಿಯೆಟ್ನಾಂ ಫ್ರಾನ್ಸಿನ ಕೈಯಲ್ಲಿತ್ತು.

ಸರ್ಕಾರಗಳ ನಡುವಿನ ಸಂಬಂಧ ಶುರುವಾಗಿದ್ದು 1960ರ ಡಿಸೆಂಬರ್ 2ರಂದು. ಕ್ಯೂಬಾದಲ್ಲಿ ಕ್ರಾಂತಿ ನಡೆಸಿ ಫಿಡೆಲ್ ಕಾಸ್ಟ್ರೊ ಅಧಿಕಾರಕ್ಕೆ ಬಂದು ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ವಿಯೆಟ್ನಾಂ ಆಗ ಎರಡು ಹೋಳಾಗಿತ್ತು: ಉತ್ತರದಲ್ಲಿ ಹೊ ಚಿ ಮಿನ್ ಅವರ ಕಮ್ಯುನಿಸ್ಟ್ ಸರ್ಕಾರ, ದಕ್ಷಿಣದ ಸೈಗಾನ್‌ನಲ್ಲಿ ಅಮೆರಿಕದ ಬೆಂಬಲವಿದ್ದ ಸರ್ಕಾರ. ಲ್ಯಾಟಿನ್ ಅಮೆರಿಕದಲ್ಲಿ ಹೊ ಚಿ ಮಿನ್ ಅವರ ಸರ್ಕಾರಕ್ಕೆ ಮೊದಲು ಕೈ ಚಾಚಿದ್ದು ಕ್ಯೂಬಾ. 1963ರಲ್ಲಿ ದಕ್ಷಿಣ ವಿಯೆಟ್ನಾಮಿನಲ್ಲಿ ಸೈಗಾನ್ ಸರ್ಕಾರದ ವಿರುದ್ಧ ನಡೆಯುತ್ತಿದ್ದ ಹೋರಾಟವನ್ನು ಬೆಂಬಲಿಸೋಕೆ ಕ್ಯೂಬಾದಲ್ಲಿ ಒಂದು ಸಮಿತಿಯೇ ಹುಟ್ಟಿತು. ಅದರ ಮುಂದಾಳು ಮೆಲ್ಬಾ ಹೆರ್ನಾಂಡೆಸ್. 1953ರಲ್ಲಿ ಕ್ಯೂಬಾದ ಮೊಂಕಾಡಾ ಸೇನಾ ನೆಲೆಯ ಮೇಲೆ ನಡೆದ ದಾಳಿಯಲ್ಲಿ ಫಿಡೆಲ್ ಜೊತೆಗಿದ್ದ ಧೀರ ಹೆಣ್ಣುಮಗಳು. ಮುಂದೆ ಆಕೆ ವಿಯೆಟ್ನಾಮಿಗೆ ರಾಯಭಾರಿಯಾಗಿ ಹೋದರು. 1966ರ ಜನವರಿಯಲ್ಲಿ ಹವಾನಾದ ದೊಡ್ಡ ಸಭೆಯಲ್ಲಿ ಫಿಡೆಲ್, ವಿಯೆಟ್ನಾಮಿಗಾಗಿ ನಮ್ಮ ರಕ್ತ ಕೊಡೋಕೂ ಸಿದ್ಧ ಎಂದರು. ಈ ಮಾತನ್ನು ವಿಯೆಟ್ನಾಮಿನವರು ಇವತ್ತಿಗೂ ನೆನೆಯುತ್ತಾರೆ. 1967ನ್ನು ಕ್ಯೂಬಾ ವೀರ ವಿಯೆಟ್ನಾಮಿನ ವರ್ಷ ಅಂತಲೇ ಕರೆಯಿತು.

ಹೊ ಚಿ ಮಿನ್ ಮತ್ತು ಫಿಡೆಲ್ ಮಾತ್ರ ಒಮ್ಮೆಯೂ ಎದುರುಬದುರು ಕೂತು ಮಾತಾಡಲಿಲ್ಲ. 1969ರ ಸೆಪ್ಟೆಂಬರ್‌ನಲ್ಲಿ ಹೊ ತೀರಿಕೊಂಡರು. ಫಿಡೆಲ್ ಹನೋಯ್ ತಲುಪಿದ್ದು ನಾಲ್ಕು ವರ್ಷದ ನಂತರ, 1973ರ ಸೆಪ್ಟೆಂಬರ್ 12ರಂದು. ಆ ದಿನಾಂಕವನ್ನು ಗಮನಿಸಿ. ಹಿಂದಿನ ದಿನವಷ್ಟೇ ಚಿಲಿಯಲ್ಲಿ ಸೈನ್ಯ ದಂಗೆ ಎದ್ದಿತ್ತು. ಫಿಡೆಲ್ ಅವರ ಗೆಳೆಯ, ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಸತ್ತಿದ್ದರು. ಬೇರೆ ಯಾರೇ ಆಗಿದ್ದರೂ ಪ್ರವಾಸ ಮೊಟಕು ಮಾಡಿ ಊರಿಗೆ ವಾಪಸ್ ಹೋಗುತ್ತಿದ್ದರೇನೋ. ಫಿಡೆಲ್ ಹೋಗಲಿಲ್ಲ.

ಹನೋಯ್‌ನಲ್ಲಿ ಹಾರ ಹಾಕಿಸಿಕೊಂಡು ಅಷ್ಟಕ್ಕೇ ಮುಗಿಸಲೂ ಇಲ್ಲ. ದಕ್ಷಿಣಕ್ಕೆ ಕರೆದುಕೊಂಡು ಹೋಗಿ ಅಂತ ಕೇಳಿದರು. ಅಮೆರಿಕದ ಸೈನಿಕರು ಆ ವರ್ಷದ ಮಾರ್ಚ್‌ನಲ್ಲೇ ಹೊರಟುಹೋಗಿದ್ದರು ನಿಜ. ಆದರೆ ಸೈಗಾನ್ ಸರ್ಕಾರ ಇನ್ನೂ ಗಟ್ಟಿಯಾಗಿಯೇ ಇತ್ತು, ಯುದ್ಧ ಮುಗಿದಿರಲಿಲ್ಲ. ಪ್ರಧಾನಿ ಫಾಮ್ ವಾನ್ ಡೊಂಗ್ ಜೊತೆ ಫಿಡೆಲ್ ಡೊಂಗ್ ಹೊಯ್‌ವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಕಾರು ಹತ್ತಿದರು. ದೇಶವನ್ನು ಎರಡು ಹೋಳು ಮಾಡಿದ್ದ ಬೆನ್ ಹಾಯ್ ನದಿಯನ್ನು ದಾಟಿ, ಆಗಷ್ಟೇ ವಿಮೋಚನೆಗೊಂಡಿದ್ದ ಕ್ವಾಂಗ್ ತ್ರಿ ಸೀಮೆಗೆ ಕಾಲಿಟ್ಟರು. ಯುದ್ಧ ಮುಗಿಯುವ ಮೊದಲು ಆ ನೆಲಕ್ಕೆ ಬಂದ ಹೊರದೇಶದ ನಾಯಕ ಅವರೊಬ್ಬರೇ.

ಅಲ್ಲಿ 241 ಅಂತ ಹೆಸರಾದ ಒಂದು ಗುಡ್ಡ ಇದೆ. ಮೊದಲು ಅಮೆರಿಕದ ಫಿರಂಗಿಗಳ ದೊಡ್ಡ ನೆಲೆ ಅದೇ ಆಗಿತ್ತು. ಮಣ್ಣೆಲ್ಲ ಬಾಂಬಿನಿಂದ ಅಗೆದು ಹಾಕಿದ ಹಾಗಿತ್ತು. ಅಲ್ಲಿದ್ದ ಸೈನಿಕರು ತಮ್ಮ ದಳದ ಬಾವುಟವನ್ನು ಫಿಡೆಲ್ ಕೈಗೆ ಕೊಟ್ಟರು. ಆರಡಿಗೂ ಎತ್ತರದ ಮನುಷ್ಯ, ಹಸಿರು ಸಮವಸ್ತ್ರ, ಸುತ್ತ ನಗುತ್ತಿರುವ ತೆಳ್ಳನೆಯ ಹುಡುಗರು. ಆತ ಆ ಬಾವುಟವನ್ನು ಎತ್ತಿ ಬೀಸುತ್ತಿರುವ ಫೋಟೋ ವಿಯೆಟ್ನಾಮಿನಲ್ಲಿ ಮನೆಮಾತು.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಫೋಟೋ ಅಲ್ಲ, ದಾರಿಯಲ್ಲಿ ನಡೆದ ಇನ್ನೊಂದು ಘಟನೆ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಮಣ್ಣಿನಲ್ಲಿ ಉಳಿದಿದ್ದ ಬಾಂಬ್ ಸಿಡಿದು ತೀವ್ರವಾಗಿ ಗಾಯಗೊಂಡಿದ್ದಳು. ಫಿಡೆಲ್ ಕಾರುಗಳ ಸಾಲನ್ನು ನಿಲ್ಲಿಸಿದರು. ತಮ್ಮ ಜೊತೆ ಬಂದಿದ್ದ ವೈದ್ಯರಿಂದಲೇ ಚಿಕಿತ್ಸೆ ಕೊಡಿಸಿದರು. ಆಕೆ ಬದುಕಿದಳು. ಭಾಷಣಗಳನ್ನು ಮರೆತವರೂ ಇದನ್ನು ಮರೆತಿಲ್ಲ.

ಆ ಭೇಟಿಯ ಸಮಯದಲ್ಲೇ ಕ್ಯೂಬಾ ಐದು ಕೊಡುಗೆಗಳನ್ನು ಘೋಷಿಸಿತು. ಹನೋಯ್‌ನ ಪಶ್ಚಿಮ ಸರೋವರದ ಅಂಚಿನಲ್ಲಿ ಥಾಂಗ್ ಲೊಯ್ ಹೋಟೆಲ್, ಡೊಂಗ್ ಹೊಯ್‌ನಲ್ಲಿ ದೊಡ್ಡ ಆಸ್ಪತ್ರೆ, ಒಂದು ಹೆದ್ದಾರಿ, ಹಾಲಿನ ಡೈರಿ, ಕೋಳಿ ಸಾಕಣೆ ಕೇಂದ್ರ. ಇದನ್ನು ಕೊಟ್ಟವರ ಸ್ಥಿತಿ ಹೇಗಿತ್ತು ನೋಡಿ. ಸುಮಾರು 90 ಲಕ್ಷ ಜನರ ದೇಶ, 1962ರಿಂದ ಅಮೆರಿಕದ ಆರ್ಥಿಕ ದಿಗ್ಬಂಧನ, ಸಕ್ಕರೆ ಮಾರಿ ಬದುಕುತ್ತಿದ್ದ ದ್ವೀಪ. ಮನೆಯಲ್ಲಿ ಮಿಕ್ಕಿದ್ದನ್ನು ಕೊಟ್ಟಿದ್ದಲ್ಲ, ಇದ್ದುದರಲ್ಲೇ ಹಂಚಿಕೊಂಡಿದ್ದು. ಡೊಂಗ್ ಹೊಯ್ ಊರು ಬಾಂಬ್ ದಾಳಿಗೆ ಪೂರ್ತಿ ನೆಲಸಮವಾಗಿತ್ತು. ಅಲ್ಲಿನ ಆಸ್ಪತ್ರೆ 1981ರಲ್ಲಿ ಬಾಗಿಲು ತೆರೆಯಿತು, ಇವತ್ತಿಗೂ ರೋಗಿಗಳನ್ನು ನೋಡುತ್ತಿದೆ. ಮೊಕ್ ಚೌ ಬೆಟ್ಟಗಳಿಗೆ ಕ್ಯೂಬಾದಿಂದ ಹೋಲ್‌ಸ್ಟೈನ್ ಹಸುಗಳು ಬಂದವು. ಆ ಜಾಗದ ಹಾಲು ಈಗ ವಿಯೆಟ್ನಾಮಿನಲ್ಲಿ ಹೆಸರಾಂತ ಬ್ರಾಂಡ್.

ಈ ಸ್ನೇಹ ಎಲ್ಲರಿಗೂ ಹಿಡಿಸಿರಲಿಲ್ಲ. ವಿಯೆಟ್ನಾಂ ಸೇನೆ ಕಾಂಬೋಡಿಯಾಕ್ಕೆ ನುಗ್ಗಿ 1979ರ ಜನವರಿಯಲ್ಲಿ, ಲಕ್ಷಾಂತರ ಜನರ ಸಾವಿಗೆ ಕಾರಣವಾಗಿದ್ದ ಪೋಲ್ ಪಾಟ್ ಆಡಳಿತವನ್ನು ಕೆಳಗಿಳಿಸಿತು. ಜಗತ್ತಿನ ಬಹುಪಾಲು ದೇಶಗಳು ವಿಯೆಟ್ನಾಮನ್ನು ದೂರ ಇಟ್ಟವು, ಚೀನಾ ಅದರ ಮೇಲೆ ಯುದ್ಧಕ್ಕೇ ಹೋಯಿತು. ಕ್ಯೂಬಾ ಪಕ್ಕದಲ್ಲೇ ನಿಂತಿತು. ಆ ವರ್ಷ ಹವಾನಾದಲ್ಲಿ ಅಲಿಪ್ತ ದೇಶಗಳ ಸಮ್ಮೇಳನ ನಡೆದಾಗ ಹಳೆಯ ಸರ್ಕಾರವನ್ನು ಕೂರಿಸಬೇಕೋ ಹೊಸದನ್ನೋ ಅನ್ನೋ ಜಗಳದಲ್ಲಿ ಕಾಂಬೋಡಿಯಾದ ಕುರ್ಚಿ ಖಾಲಿ ಉಳಿಯಿತು. ಇಂದಿರಾ ಗಾಂಧಿಯವರು ಫಿಡೆಲ್‌ರಿಂದ ಅಧ್ಯಕ್ಷತೆ ವಹಿಸಿಕೊಂಡ 1983ರ ದೆಹಲಿ ಸಮ್ಮೇಳನದಲ್ಲೂ ಅದು ಖಾಲಿಯೇ ಇತ್ತು. ಇನ್ನೊಂದು ಮಾತನ್ನೂ ಹೇಳಲೇಬೇಕು. ಎರಡೂ ದೇಶಗಳಲ್ಲಿ ಬೇರೆ ಪಕ್ಷಕ್ಕೆ ಜಾಗ ಇಲ್ಲ, ಸರ್ಕಾರವನ್ನು ಟೀಕಿಸಿ ಬರೆದವರು ಜೈಲು ಕಂಡಿದ್ದಾರೆ. ಈ ಸ್ನೇಹವನ್ನು ಮೆಚ್ಚುವಾಗ ನನಗೆ ಅದೂ ನೆನಪಿರುತ್ತದೆ.

ಆಮೇಲೆ ಕಾಲ ತಿರುಗಿತು. ವಿಯೆಟ್ನಾಂ 1986ರಲ್ಲಿ ಆರ್ಥಿಕ ಸುಧಾರಣೆ ಶುರು ಮಾಡಿತು. ಹಸಿವಿನಿಂದ ಬಳಲಿದ್ದ ದೇಶ ಕೆಲವೇ ವರ್ಷಗಳಲ್ಲಿ ಜಗತ್ತಿಗೆ ಅಕ್ಕಿ ಮಾರತೊಡಗಿತು. ಆ ಕಡೆ 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಕ್ಯೂಬಾದ ಬೆನ್ನೆಲುಬೇ ಮುರಿಯಿತು. ಪೆಟ್ರೋಲ್ ಇಲ್ಲ, ಕರೆಂಟ್ ಇಲ್ಲ, ಊಟಕ್ಕೂ ಕಷ್ಟ. ಕೊಡುವವರು ಬೇಡುವವರಾದಾಗ ಬಹಳಷ್ಟು ಸ್ನೇಹಗಳು ಅಲ್ಲಿಗೇ ಮುಗಿಯುತ್ತವೆ, ಅಲ್ವಾ? ಇಲ್ಲಿ ಹಾಗಾಗಲಿಲ್ಲ. ವಿಯೆಟ್ನಾಂ ಅಕ್ಕಿ ಕಳಿಸಿತು, ದುಡ್ಡನ್ನು ನಿಧಾನಕ್ಕೆ ಕೊಡಿ ಎಂದಿತು. ಬರೀ ಅಕ್ಕಿ ಕಳಿಸಿ ಸುಮ್ಮನಾಗಲಿಲ್ಲ, ಭತ್ತ ಬೆಳೆಯೋದನ್ನು ಕಲಿಸೋಕೆ ತಜ್ಞರನ್ನೂ ಕಳಿಸಿತು.

ಫಿಡೆಲ್ 1995ರಲ್ಲಿ ಮತ್ತು 2003ರಲ್ಲಿ ಮತ್ತೆ ವಿಯೆಟ್ನಾಮಿಗೆ ಹೋದರು. 2016ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ವಿಯೆಟ್ನಾಂ ಡಿಸೆಂಬರ್ 4ರಂದು ರಾಷ್ಟ್ರೀಯ ಶೋಕ ಆಚರಿಸಿತು. ಕ್ವಾಂಗ್ ತ್ರಿಯ ಡೊಂಗ್ ಹಾ ಪಟ್ಟಣದಲ್ಲಿ ಅವರ ಹೆಸರಿನ ಪಾರ್ಕ್ ಇದೆ. ಹವಾನಾದಲ್ಲಿ ಹೊ ಚಿ ಮಿನ್ ಹೆಸರಿನ ಪಾರ್ಕ್ ಇದೆ. 2021ರಲ್ಲಿ ಕೊರೊನಾ ಜೋರಾಗಿದ್ದಾಗ ಕ್ಯೂಬಾ ತಾನೇ ತಯಾರಿಸಿದ ಅಬ್ದಲಾ ಲಸಿಕೆಯನ್ನು ವಿಯೆಟ್ನಾಮಿಗೆ ಕಳಿಸಿತು. ಬಡತನದಲ್ಲೂ ಅದರ ಹತ್ತಿರ ಕೊಡೋಕೆ ಏನೋ ಒಂದು ಇತ್ತು.

ಹಳೆಯ ನಾಯಕರೆಲ್ಲ ಹೋದ ಮೇಲೆ ಇದು ಬರೀ ಶಿಷ್ಟಾಚಾರ ಆಗಿಬಿಡುತ್ತದೆ ಅಂತ ಅನುಮಾನಿಸಿದವರಿದ್ದರು. 2025ರಲ್ಲಿ ಸಂಬಂಧಕ್ಕೆ 65 ವರ್ಷ ತುಂಬಿತು. ಆ ಆಗಸ್ಟ್‌ನಲ್ಲಿ ವಿಯೆಟ್ನಾಮಿನ ರೆಡ್ ಕ್ರಾಸ್ ಕ್ಯೂಬಾದ ಜನರಿಗಾಗಿ ಚಂದಾ ಎತ್ತಲು ಹೊರಟಿತು. 65 ದಿನಗಳಲ್ಲಿ ಕನಿಷ್ಠ 6,500 ಕೋಟಿ ಡಾಂಗ್, ಅಂದರೆ ವಿಯೆಟ್ನಾಮಿನ ದುಡ್ಡು, ಸೇರಿಸಬೇಕು ಅನ್ನೋದು ಗುರಿ. ಎರಡು ದಿನ ತುಂಬುವ ಮೊದಲೇ ಆ ಗುರಿ ದಾಟಿತು. ಹಣ ಬರುವುದು ಅಲ್ಲಿಗೇ ನಿಲ್ಲಲಿಲ್ಲ, ಕೊನೆಗೆ ಅಂದುಕೊಂಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೇರಿತು. ಇನ್ನೊಂದು ಕಡೆ, ಕ್ಯೂಬಾದ ಪಿನಾರ್ ದೆಲ್ ರಿಯೊ ಸೀಮೆಯ ಲಾಸ್ ಪಲಾಸಿಯೋಸ್‌ನಲ್ಲಿ ವಿಯೆಟ್ನಾಮಿನ ಒಂದು ಕಂಪನಿಗೆ ಭತ್ತ ಬೆಳೆಯಲು ಜಮೀನು ಕೊಟ್ಟಿದ್ದಾರೆ. ಕ್ರಾಂತಿಯ ನಂತರ ವಿದೇಶಿ ಕಂಪನಿಯೊಂದರ ಕೈಗೆ ಹೊಲ ಒಪ್ಪಿಸುವುದು ಆ ದೇಶದಲ್ಲಿ ಸಣ್ಣ ಮಾತಲ್ಲ. ಅಲ್ಲಿ ಈಗ ವಿಯೆಟ್ನಾಮಿನವರೂ ಕ್ಯೂಬಾದವರೂ ಒಂದೇ ಗದ್ದೆಯಲ್ಲಿ ದುಡಿಯುತ್ತಿದ್ದಾರೆ.

ಇಲ್ಲಿವರೆಗೆ ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.